ದಿನ್ನಿಗೆ ಬೇಲಿ ಬಿದ್ದ ವರ್ಷ

ನಾಗರಿಕತೆ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಹೇಸಿಗೆ ಬರುತ್ತದೆ. ಜೀವನಪೂರ್ತಿ ಇತಿಹಾಸ ಕಲಿಸಿ ಹೊಟ್ಟೆ ಹೊರೆದುಕೊಂಡವಳು ಹೀಗೆ ಹೇಳಬಾರದು. ಶಬ್ದದ ತಪ್ಪೇನೂ ಇಲ್ಲ ಅಂತಲೂ ಗೊತ್ತಿದೆ. ಆದರೆ ಅದರ ಅರ್ಥ ನನಗೆ ತಿಳಿದದ್ದು ಕಾಲೇಜಿನಲ್ಲಲ್ಲ, ಒಂದು ಹಾಳು ದಿನ್ನಿಯ ಮೇಲೆ, ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದ ಒಬ್ಬ ದೊಡ್ಡ ಮನುಷ್ಯನ ಬಾಯಿಂದ.

ಎಪ್ಪತ್ತರ ದಶಕ ಸುರುವಾಗಿ ಒಂದೆರಡು ವರ್ಷ ಆಗಿತ್ತು. ಧಾರವಾಡದಲ್ಲಿ ಕಲಿಕೆ ಮುಗಿಸಿ ನಾನು ನವಲಗುಂದ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ಸೇರಿಕೊಂಡೆ. ಅಣ್ಣಿಗೇರಿ ಸ್ಟೇಷನ್ನಿನಲ್ಲಿ ರೈಲು ಇಳಿದು, ಅಲ್ಲಿಂದ ಬಸ್ಸು ಹಿಡಿಯಬೇಕು. ಸಾಲಿ ಹೊಸದು, ಸ್ವಂತ ಕಟ್ಟಡ ಇರಲಿಲ್ಲ. ಹತ್ತಿ ತುಂಬುತ್ತಿದ್ದ ಹಳೇ ವಖಾರಿಯೊಂದರಲ್ಲಿ ನಡೆಯುತ್ತಿತ್ತು. ಹೆಣ್ಣುಮಗಳೊಬ್ಬಳು ಕುರ್ಚಿ ಮೇಲೆ ಕುಳಿತು ಗಂಡುಹುಡುಗರಿಗೆ ಪಾಠ ಹೇಳುವುದನ್ನು ಆ ಊರು ನೋಡಿದ್ದು ಅದೇ ಮೊದಲು. ಸಣ್ಣವರು ದೊಡ್ಡವರು ಎಲ್ಲರೂ ನನ್ನನ್ನು ಅಕ್ಕೋರ ಅಂತ ಕರೆದರು. ಅದರಲ್ಲಿ ಗೌರವವೂ ಇತ್ತು, ಸ್ವಲ್ಪ ತಮಾಷೆಯೂ ಇತ್ತು.

ಇರಲು ನನಗೆ ಒಂದು ಕೋಣೆ ಕೊಟ್ಟವರು ಗಂಡ ತೀರಿಹೋಗಿದ್ದ ಒಬ್ಬ ಹೆಂಗಸು. ಐವತ್ತರ ಸುಮಾರು ವಯಸ್ಸು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಮಗ ಹೊಲ ನೋಡುತ್ತಿದ್ದ. ಸೊಸೆ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಹುಡುಗಿ, ಕುಂದಗೋಳದ ಕಡೆಯವಳು. ಊರವರು ಆ ಹೆಂಗಸನ್ನು ಅವ್ವಾರು ಅನ್ನುತ್ತಿದ್ದರು. ನಾನು ಅವ್ವಾ ಅಂತ ಕರೆದೆ.

ಊರಿಗೆ ಬಂದಿಳಿದ ದಿನ ಸಂಜೆ ನಾನು ಮೆಲ್ಲಗೆ, ಪಾಯಖಾನೆ ಎಲ್ಲಿದೆ ಅಂತ ಕೇಳಿದೆ. ಅವ್ವ ಬಾಯ್ತುಂಬ ನಕ್ಕರು. ಅದಕ್ಕೂ ಯಾರಾದರೂ ಮನೆ ಕಟ್ಟುತ್ತಾರೇನು ಅಂತ ಕೇಳಿದರು. ಮರುದಿನ ಬೆಳಕು ಹರಿಯುವ ಮೊದಲು ಎಬ್ಬಿಸಿ, ಕೈಗೆ ಚರಗಿ ಕೊಟ್ಟು, ಸೊಸೆಯ ಜೊತೆ ನನ್ನನ್ನೂ ದಿನ್ನಿಗೆ ಕರೆದುಕೊಂಡು ಹೋದರು.

ಆ ಸೀಮೆ ನೋಡದವರಿಗೆ ದಿನ್ನಿಯ ಬೆಲೆ ಗೊತ್ತಾಗುವುದಿಲ್ಲ. ಎರಿ ಭೂಮಿ, ಕಪ್ಪು ಮಣ್ಣು, ತಾಟಿನಷ್ಟು ಸಪಾಟು. ಜೋಳ ಕೊಯ್ದು, ಹತ್ತಿ ಕಟಗಿ ಕಿತ್ತ ಮೇಲೆ ಒಂದು ಹರದಾರಿ ದೂರ ನಿಂತ ಎಮ್ಮೆಯೂ ಕಾಣಿಸುತ್ತದೆ. ಒಂದು ಗಿಡದ ಮರೆಯಿಲ್ಲ. ಗಂಡಸರಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಅವರು ಬೀಡಿ ಹಚ್ಚಿಕೊಂಡು ಬೇಕಾದ ಕಡೆ ಹೋಗುತ್ತಿದ್ದರು, ಬೇಕಾದ ಹೊತ್ತಿಗೆ. ಹೆಂಗಸರಿಗೆ ಇದ್ದದ್ದು ಊರ ಬಡಗಣದ ಆ ಮಣ್ಣಿನ ದಿಬ್ಬ, ಆ ದಿನ್ನಿ ಒಂದೇ. ಯಾವ ಕಾಲದ್ದೋ ಹಾಳಾದ ಊರು ಅಲ್ಲಿ ಹೂತಿತ್ತು. ಮೇಲೆ ಜಾಲಿ ಕಂಟಿ, ಪಾಪಾಸಕಳ್ಳಿ ದಟ್ಟವಾಗಿ ಬೆಳೆದಿದ್ದವು. ಕಾಲಿಗೆ ಎಲ್ಲೆಲ್ಲೂ ಒಡೆದ ಗಡಿಗೆಯ ಬೋಕಿ ತಾಗುತ್ತಿದ್ದವು, ಕೆಂಪು, ಕಪ್ಪು, ಕೆಲವು ಅರ್ಧ ಕೆಂಪು ಅರ್ಧ ಕಪ್ಪು. ಇತಿಹಾಸ ಓದಿದವಳಲ್ಲವೇ, ಒಂದೆರಡನ್ನು ಎತ್ತಿ ನೋಡಬೇಕು ಅನ್ನಿಸಿತ್ತು. ಎಂಥ ಜಾಗದಲ್ಲಿ ಬಿದ್ದಿದ್ದವೆಂದರೆ, ಕೈ ಹೋಗಲಿಲ್ಲ.

ಮೊದಮೊದಲು ನನಗೆ ವಾಂತಿ ಬರುತ್ತಿತ್ತು. ಆಮೇಲೆ ರೂಢಿ ಆಯಿತು. ಹೆಂಗಸರು ಒಬ್ಬರಿಗೊಬ್ಬರು ಕಾಣದ ಹಾಗೆ ಕಂಟಿಯ ಆಚೀಚೆ ಕುಳಿತು ಮಾತಾಡುತ್ತಿದ್ದರು. ಯಾರ ಮನೆಯಲ್ಲಿ ಜಗಳ, ಯಾರ ಆಕಳು ಈಯಿತು, ಯಾರ ಗಂಡ ಹೊಡೆದ. ಮನೆಯಲ್ಲಿ ತುಟಿ ಬಿಚ್ಚದ ಸೊಸೆ ಅಲ್ಲಿ ನಗುವುದನ್ನು ಕೇಳಿದೆ. ಬರುಬರುತ್ತ ಆ ಹೊತ್ತು ನನಗೂ ಬೇಕಾಯಿತು.

ಅದೇ ದಿನಗಳಲ್ಲಿ ನಾನು ಒಂಬತ್ತನೇ ಇಯತ್ತೆಯ ಹುಡುಗರಿಗೆ ಸಿಂಧೂ ಬಯಲಿನ ನಾಗರಿಕತೆ ಕಲಿಸುತ್ತಿದ್ದೆ. ಸಾಲುಸಾಲು ಮನೆ, ಸುಟ್ಟ ಇಟ್ಟಂಗಿ, ಮನೆಮನೆಗೂ ಬಚ್ಚಲು, ಮೇಲೆ ಕಲ್ಲು ಮುಚ್ಚಿದ ಗಟಾರ. ಹುಡುಗರು ಕಣ್ಣರಳಿಸಿ ಕೇಳಿದರು. ನಾಗರಿಕತೆ ಅಂದರೆ ಏನು ಅಂತ ನಾನು ಕೇಳಿದ್ದಕ್ಕೆ ಹಿಂದಿನ ಬೆಂಚಿನವನೊಬ್ಬ, ಸುಧಾರಣಿ ಅಂತ ಹೇಳಿದ. ಆ ಊರಿನಲ್ಲಿ ಬಳಕೆಯಲ್ಲಿದ್ದ ಮಾತು ಅದು. ನಮ್ಮ ಗ್ರಾಮ ಪಂಚಾಯ್ತಿಯ ಚೇರಮನ್ನರ ಮನೆ ಸುಧಾರಿಸಿದ ಮನೆ. ಅವರು ಟೆರಿಲೀನ್ ಅಂಗಿ ಹಾಕುತ್ತಿದ್ದರು, ಕೈಗೆ ಗಡಿಯಾರ ಕಟ್ಟುತ್ತಿದ್ದರು, ಚಹಾ ಕಪ್ಪು ಬಸಿಯಲ್ಲಿ ಕೊಡುತ್ತಿದ್ದರು, ರೇಡಿಯೋ ಇತ್ತು. ಸುಧಾರಿಸಿದವರು ಅಂದರೆ ಯಾರು ಅಂತ ನಾನೊಮ್ಮೆ ಅವ್ವನನ್ನು ಕೇಳಿದೆ. ರೊಟ್ಟಿ ಬಡಿಯುತ್ತ, ಹೊಲದ ಕೆಲಸ ಬಿಟ್ಟವರು ಅಂತ ಹೇಳಿದರು.

ಚಳಿಗಾಲ ಮುಗಿಯುತ್ತ ಬಂದಿತ್ತು. ರೈತನೊಬ್ಬ ಹೊಲಕ್ಕೆ ಹಾಕಲು ದಿನ್ನಿಯ ಹಾಳುಮಣ್ಣು ಅಗೆಯುವಾಗ ಒಂದು ದೊಡ್ಡ ಗಡಿಗೆ ಸಿಕ್ಕಿತು. ಸುದ್ದಿ ನವಲಗುಂದಕ್ಕೆ ಹೋಯಿತು, ಅಲ್ಲಿಂದ ಇನ್ನೆಲ್ಲಿಗೋ. ಹದಿನೈದು ದಿನದೊಳಗೆ ಜೀಪಿನಲ್ಲಿ ಒಬ್ಬ ಪ್ರೊಫೆಸರು ಬಂದಿಳಿದರು. ತಲೆಗೆ ಹ್ಯಾಟು, ಬಾಯಲ್ಲಿ ಗ್ರಂಥದ ಕನ್ನಡ. ಹಿಂದೆ ನಾಲ್ಕಾರು ವಿದ್ಯಾರ್ಥಿಗಳು. ಚೇರಮನ್ನರು ಹಾರ ಹಾಕಿದರು. ಊರ ಹೆಸರು ಪುಸ್ತಕದಲ್ಲಿ ಬರುತ್ತದೆ ಅಂತ ಪ್ರೊಫೆಸರು ಹೇಳಿದ್ದಕ್ಕೆ ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ನನ್ನ ವಿಷಯದ ದೊಡ್ಡ ಮನುಷ್ಯರು ನನ್ನ ಊರಿಗೇ ಬಂದಿದ್ದಾರೆ ಅಂತ ಎಷ್ಟು ಖುಷಿಪಟ್ಟಿದ್ದೆನೆಂದರೆ, ಆ ದಿನ ಸೀರೆ ಕೂಡ ಹೊಸದು ಉಟ್ಟಿದ್ದೆ.

ಮೊದಲ ವಾರ ದಿನ್ನಿಯ ಕಂಟಿ ಕಡಿಸಿದರು, ಕಳ್ಳಿ ಸುಡಿಸಿದರು. ಸುತ್ತ ಮುಳ್ಳುತಂತಿ ಎಳೆದರು. ಊರವನೊಬ್ಬನನ್ನೇ ಕಾವಲಿಗೆ ಇಟ್ಟು, ಒಂದು ಬಡಿಗೆ, ಒಂದು ಸೀಟಿ ಕೊಟ್ಟರು.

ಮರುದಿನ ನಸುಕಿನಲ್ಲಿ ಹೆಂಗಸರ ಗುಂಪು ಚರಗಿ ಹಿಡಿದು ಹೋದಾಗ ಬೇಲಿಯ ಆಚೆಯಿಂದ ಆ ಸೀಟಿ ಕೇಳಿಸಿತು. ಕಾವಲುಗಾರ ಮುಖ ಅತ್ತ ತಿರುಗಿಸಿ, ಇದು ಸರ್ಕಾರದ ಜಾಗ ಆಗೇತಿ, ಯಾರೂ ಬರಬ್ಯಾಡ್ರಿ ಅಂತ ಕೂಗಿದ. ನಾವೆಲ್ಲ ನಿಂತೆವು. ಬೆಳಕು ಏರುತ್ತಿತ್ತು. ನಿಂತು ವಾದ ಮಾಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕೊನೆಗೆ ಎಲ್ಲರೂ ಓಡಿದಂತೆ ನಡೆದು ಬಸ್ಸಿನ ರಸ್ತೆಯ ತಗ್ಗಿಗೆ ಹೋದೆವು.

ಅವತ್ತಿನಿಂದ ರಸ್ತೆಯೇ ಗತಿ ಆಯಿತು. ಅದು ಹತ್ತಿ ಸಾಗಿಸುವ ಕಾಲ. ಹೊತ್ತು ಹುಟ್ಟುವ ಮೊದಲೇ ಅಣ್ಣಿಗೇರಿ ಕಡೆಗೆ ಲಾರಿಗಳು ಹೊರಡುತ್ತಿದ್ದವು. ದೂರದಲ್ಲಿ ದೀಪ ಕಂಡ ಕೂಡಲೇ ಹೆಂಗಸರೆಲ್ಲ ಸಾಲಾಗಿ ಎದ್ದು ನಿಂತು, ರಸ್ತೆಗೆ ಬೆನ್ನು ಮಾಡಿ, ಮುಖಕ್ಕೆ ಸೆರಗು ಎಳೆದುಕೊಳ್ಳುವುದು. ಲಾರಿ ಹೋದ ಮೇಲೆ ಕೂಡುವುದು. ಮತ್ತೆ ದೀಪ, ಮತ್ತೆ ಏಳುವುದು. ಮುದುಕಿಯರು, ಬಸುರಿಯರು, ಹೈಸ್ಕೂಲು ಹುಡುಗಿಯರು, ಅವರ ನಡುವೆ ಅವರ ಅಕ್ಕೋರು. ಕೆಲವು ಡ್ರೈವರರು ಬೇಕೆಂದೇ ಹಾರ್ನು ಹೊಡೆಯುತ್ತಿದ್ದರು. ಲಾರಿಗೆ ಹೇರಿದ ಹತ್ತಿ ಅಂಡಿಗೆಯ ಮೇಲೆ ಕುಳಿತ ಆಳುಗಳು ಸಿಳ್ಳೆ ಹಾಕುತ್ತಿದ್ದರು. ಮುಖ ಮುಚ್ಚಿಕೊಂಡರೆ ಯಾರ ಹೆಂಡತಿ, ಯಾರ ಮಗಳು ಅಂತ ತಿಳಿಯುವುದಿಲ್ಲ. ನಮಗೆ ಉಳಿದ ಮಾನ ಅಷ್ಟೇ. ಆ ಸಿಳ್ಳೆ ಹಾಕಿದವರ ಬಗ್ಗೆ ನನಗಿದ್ದ ಹೇಸಿಗೆ ಈಗಲೂ ಒಂದಿಷ್ಟೂ ಕಡಿಮೆ ಆಗಿಲ್ಲ.

ಇತ್ತ ಪ್ರೊಫೆಸರರು ಬಿಡಾರ ಮಾಡಿದ್ದು ನಮ್ಮ ಸಾಲಿಯ ಹಿಂದಿನ ಎರಡು ಕೋಣೆಗಳಲ್ಲಿ. ಅವರಿಗೆ ಬೈಲಕಡೆ ಹೋಗಿ ರೂಢಿ ಇಲ್ಲ ಅಂತ ಚೇರಮನ್ನರು ಕೂಡಲೇ ಒಂದು ಪಾಯಖಾನೆ ಕಟ್ಟಿಸಿದರು. ಇಟ್ಟಂಗಿ ಗೋಡೆ, ತಗಡಿನ ಬಾಗಿಲು, ಬಾಗಿಲಿಗೆ ಕೀಲಿ. ಇಷ್ಟು ವರ್ಷ ಆ ಊರಲ್ಲಿ ಯಾರಿಂದಲೂ ಆಗದೇ ಇದ್ದ ಕೆಲಸ ಒಂದು ಸಂತೆಯಿಂದ ಮುಂದಿನ ಸಂತೆಯೊಳಗೆ ಮುಗಿದುಹೋಯಿತು. ನಾನು ಹೋಗಿ, ಹೆಂಗಸರಿಗೂ ಹಿಂಗ ಒಂದು ಕಟ್ಟಿಸಬಾರದೇನು ಅಂತ ಕೇಳಿದೆ. ಚೇರಮನ್ನರು ನಯವಾಗಿ ನಕ್ಕರು.

“ಊರ ಹೆಂಗಸ್ರಿಗೆಲ್ಲ ಕಟ್ಟಿಸಾಕ ಆಗತೈತೇನ್ರಿ ಅಕ್ಕೋರ? ನಿಮಗ ಬೇಕಂದ್ರ ಒಂದು ಚಾವಿ ಕೊಡ್ತೀನಿ, ತಗೋರಿ. ನೀವು ಸುಧಾರಿಸಿದ ಮಂದಿ. ಆದ್ರ ಯಾರ ಮುಂದೂ ಹೇಳಬ್ಯಾಡ್ರಿ.”

ಚಾವಿ ನಾನು ತೆಗೆದುಕೊಳ್ಳಲಿಲ್ಲ. ಅದೇನು ದೊಡ್ಡತನ ಅಲ್ಲ. ಸಾಲಿಯ ಹಿಂದಿನ ಆ ತಗಡಿನ ಬಾಗಿಲು ತೆಗೆದರೆ ಕಿರ್ರನೆ ಸದ್ದಾಗುತ್ತಿತ್ತು, ಹುಡುಗರೆಲ್ಲ ತಿರುಗಿ ನೋಡುತ್ತಿದ್ದರು.

ಅಷ್ಟೊತ್ತಿಗೆ ನಮ್ಮ ಮನೆಯ ಸೊಸೆ ಬಸುರಾಗಿ ಐದಾರು ತಿಂಗಳಾಗಿತ್ತು. ಲಾರಿ ಬಂದಾಗಲೆಲ್ಲ ಎದ್ದು ಕುಳಿತು ಮಾಡುವುದು ಅವಳಿಂದ ಆಗುತ್ತಿರಲಿಲ್ಲ. ಒಂದು ಸಲ ತಗ್ಗಿನಲ್ಲಿ ಕಾಲು ಜಾರಿ ಮೊಣಕಾಲು ತರಚಿತ್ತು. ಅವಳು ಯಾರಿಗೂ ಹೇಳದೆ ತನ್ನದೇ ಒಂದು ಉಪಾಯ ಮಾಡಿಕೊಂಡಿದ್ದಳು. ಮಧ್ಯಾಹ್ನದ ಮೇಲೆ ನೀರು ಮುಟ್ಟುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಿದ್ದಳು. ಬಸುರಿ ಬಯಕೆ ಅಂತ ಅವ್ವ ಸುಮ್ಮನಿದ್ದರು. ಒಂದು ದಿನ ಅಡುಗೆ ಮನೆಯಲ್ಲಿ ಕುಸಿದು ಕುಳಿತಳು. ಮೈ ಕೆಂಡ. ಹೊಟ್ಟೆ ಹಿಡಿದುಕೊಂಡು, ಉರಿ ಉರಿ ಅಂತ ಅಳುತ್ತಿದ್ದಳು.

ಅಣ್ಣಿಗೇರಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಅವ್ವ, ಮಗ, ನಾನು. ಡಾಕ್ಟರರು ಪರೀಕ್ಷೆ ಮಾಡಿ, ಮೂತ್ರದ ಸೋಂಕು, ದಿನಕ್ಕೆ ಎಷ್ಟು ನೀರು ಕುಡಿಯುತ್ತೀ ಅಂತ ಕೇಳಿದರು. ಹುಡುಗಿ ನೆಲ ನೋಡಿದಳು. ಬಾಜುಕ್ಕೆ ಗಂಡ ನಿಂತಿದ್ದ. ಮತ್ತೆ ಕೇಳಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಅಲ್ಲಿಯೇ ಅರ್ಥವಾಯಿತು. ಹೋಗಲು ಜಾಗ ಇಲ್ಲ ಅಂತ ನೀರು ಬಿಟ್ಟಿದ್ದಾಳೆ ಅಂತ ನಾನೇ ಹೇಳಿದೆ. ಡಾಕ್ಟರರು ಔಷಧ ಬರೆಯುತ್ತ, ಹಳ್ಳಿ ಹೆಂಗಸರ ನಾಚಿಕೆಯಿಂದ ತಮಗೆ ಸಾಕಾಗಿಹೋಗಿದೆ ಅಂತ ಗೊಣಗಿದರು. ಬಹಳ ನೀರು ಕುಡಿಸಿ, ಇಲ್ಲದಿದ್ದರೆ ಕೂಸಿಗೂ ಕೇಡು ಅಂದರು. ಕುಡಿದ ನೀರನ್ನು ಎಲ್ಲಿ ಬಿಡಬೇಕು ಅಂತ ಅವರಾದರೂ ಏಕೆ ಹೇಳಬೇಕು, ಅದು ಅವರ ವಿದ್ಯೆಯಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಮಗ ಹೆಂಡತಿಯ ಔಷಧದ ಸೀಸೆ ಹಿಡಿದುಕೊಂಡು ಕುಳಿತಿದ್ದ. ಊರು ಕಾಣಿಸತೊಡಗಿದಾಗ ತಾಯಿಯ ಕಡೆ ತಿರುಗಿ, ನನಗ್ಯಾಕ ಯಾರೂ ಹೇಳಲಿಲ್ಲ ಅಂತ ಕೇಳಿದ.

“ಹೇಳಿದ್ರ ಏನ ಮಾಡಾಂವಿದ್ದಿ?” ಅಂದರು ಅವ್ವ.

ಅವನು ಕಿಡಕಿಯ ಹೊರಗೆ ನೋಡುತ್ತ ಕುಳಿತ.

ಆ ಸಂಜೆ ಅವ್ವ ನಮ್ಮ ಓಣಿಯ ಮನೆ ಮನೆಗೆ ಹೋಗಿ ಬಂದರು. ಏನು ಹೇಳಿದರೋ ನನಗೆ ಗೊತ್ತಿಲ್ಲ. ಮರುದಿನ ನಸುಕಿನಲ್ಲಿ ಹೆಂಗಸರು ರಸ್ತೆಯ ಕಡೆ ಹೋಗಲಿಲ್ಲ, ದಿನ್ನಿಯ ಕಡೆ ನಡೆದರು. ಕಾವಲುಗಾರ ಸೀಟಿ ಬಾಯಿಗೆ ಇಟ್ಟುಕೊಂಡ. ಆಮೇಲೆ ಗುಂಪಿನಲ್ಲಿ ತನ್ನ ಹೆಂಡತಿಯನ್ನು ಕಂಡ. ಅವಳು ಚರಗಿ ಕೆಳಗಿಟ್ಟು, ಅವನ ಮುಖವನ್ನೇ ನೋಡುತ್ತ ಮುಳ್ಳುತಂತಿ ಎತ್ತಿ ಹಿಡಿದಳು. ಅವನು ಸೀಟಿ ಊದಲಿಲ್ಲ. ದಿನ್ನಿಯ ಮೇಲೆ ಕಂಟಿ ಇರಲಿಲ್ಲ, ಆದರೆ ಪ್ರೊಫೆಸರರು ಅಗೆಸಿದ ಚೌಕು ಗುಂಡಿಗಳಿದ್ದವು, ಎದೆಮಟ್ಟ ಆಳ. ಹೆಂಗಸರು ಅದರೊಳಗೆ ಇಳಿದರು. ನಾನೂ ಇಳಿದೆ. ಆ ಎರಡು ತಿಂಗಳಲ್ಲಿ ಯಾರ ದೀಪಕ್ಕೂ ಎದ್ದು ನಿಲ್ಲದ ಒಂದು ಬೆಳಗು ನಮಗೆ ಸಿಕ್ಕಿತು.

ಹಿಂದಿನ ದಿನವಷ್ಟೇ ಅದರಲ್ಲಿ ಒಂದು ಗುಂಡಿಯಲ್ಲಿ ಇಟ್ಟಂಗಿ ಹಾಸಿದ ಒಂದು ಸ್ನಾನದ ಜಾಗವೂ ಅದರಿಂದ ಹೊರಟ ಗಟಾರವೂ ಸಿಕ್ಕಿದ್ದವು ಅಂತ ನಮಗೆ ಗೊತ್ತಿರಲಿಲ್ಲ. ಬೆಳಗಿನ ಬಿಸಿಲಿನಲ್ಲಿ ಫೋಟೋ ತೆಗೆಯಲು ಪ್ರೊಫೆಸರರು ವಿದ್ಯಾರ್ಥಿಗಳೊಂದಿಗೆ ಬಂದರು. ನೋಡಿದರು. ಚೇರಮನ್ನರಿಗೆ ಕರೆ ಹೋಯಿತು. ತಳವಾರ ಊರೆಲ್ಲ ಸಾರಿ ಬಂದ. ಒಂದು ತಾಸಿನೊಳಗೆ ಗಂಡಸರೆಲ್ಲ ದಿನ್ನಿಯ ಮೇಲೆ, ಹೆಂಗಸರು ಬೇಲಿಯ ಹೊರಗೆ ಸೇರಿದರು. ಸಾಲಿಗೂ ಸೂಟಿ ಕೊಟ್ಟು ನಮ್ಮನ್ನು ಕರೆಸಿದರು.

ಪ್ರೊಫೆಸರರ ಮುಖ ಕೆಂಪಾಗಿತ್ತು. ಮೂಗಿಗೆ ಕರವಸ್ತ್ರ ಹಿಡಿದೇ ಮಾತಾಡಿದರು. ಸಾವಿರಾರು ವರ್ಷಗಳ ಹಿಂದೆ ಈ ಜಾಗದಲ್ಲಿ ಬಾಳಿದವರು ಸ್ವಚ್ಛತೆ ಬಲ್ಲವರು, ನೀರು ಹರಿದು ಹೋಗಲು ದಾರಿ ಮಾಡಿದವರು, ಅಂಥ ದೊಡ್ಡ ನಾಗರಿಕತೆಯ ಎದೆಯ ಮೇಲೆ ನೀವು ಇಂಥ ಕೆಲಸ ಮಾಡಿದ್ದೀರಿ, ನಿಮ್ಮಂಥ ಅನಾಗರಿಕ ಜನರನ್ನು ನಾನು ಎಲ್ಲಿಯೂ ನೋಡಿಲ್ಲ ಅಂದರು. ಚೇರಮನ್ನರು ತಲೆ ತಗ್ಗಿಸಿ ನಿಂತಿದ್ದರು. ಗಂಡಸರೆಲ್ಲ ಬೇಲಿಯ ಕಡೆ ತಿರುಗಿ ತಮ್ಮ ತಮ್ಮ ಮನೆಯ ಹೆಂಗಸರನ್ನು ಕಣ್ಣಲ್ಲೇ ಸುಡುತ್ತಿದ್ದರು.

ಅವ್ವ ಮುಂದೆ ಬಂದು ತಂತಿ ಹಿಡಿದುಕೊಂಡರು. ದನಿ ಏರಿಸಲಿಲ್ಲ.

“ಸಾಹೇಬ್ರ, ಸತ್ತೋರ ಬಚ್ಚಲಕ್ಕ ಬೇಲಿ ಹಾಕಿದ್ರಿ, ಬರೋಬ್ಬರಿ ಆತು. ಬದುಕಿದೋರು ಎಲ್ಲಿ ಕುಂದ್ರೂಣು, ಅದನ್ನಷ್ಟ ಹೇಳ್ರಿ.”

ಯಾರೋ ಗಂಡಸು ಕಿಸಕ್ಕನೆ ನಕ್ಕ. ನಗೆ ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಪ್ರೊಫೆಸರರು ಗುಂಡಿಯ ಕಡೆ ತಿರುಗಿ, ಮೊದಲು ಇದನ್ನು ತೆಗೆಸಿ ಅಂತ ಚೇರಮನ್ನರಿಗೆ ಹೇಳಿದರು. ಚೇರಮನ್ನರು ಆಳನ್ನು ಕರೆದು, ಕೆಳಗಿನ ಕೇರಿಗೆ ಹೋಗಿ ಒಂದಿಬ್ಬರು ಹೆಂಗಸರನ್ನು ಕರೆದುಕೊಂಡು ಬಾ, ಬುಟ್ಟಿ ತರಲಿ ಅಂದರು. ಕೆಳಗಿನ ಕೇರಿ ಅಂದರೆ ಊರಿನ ಹೊರಗೆ ಇಟ್ಟ ಜನರದು. ಸತ್ತ ದನ ಎಳೆಯಲು, ಹೊಲಸು ಬಳಿಯಲು ಮಾತ್ರ ಊರಿಗೆ ಅವರ ನೆನಪಾಗುತ್ತಿತ್ತು.

ನಾನು ಚೇರಮನ್ನರ ಹತ್ತಿರ ಹೋಗಿ, ಹೊಲಸು ಮಾಡಿದವರು ನಾವು, ಅವರನ್ನ ಯಾಕ ಕರಸ್ತೀರಿ, ನಾವೇ ಮಣ್ಣು ಹಾಕಿ ತೆಗೀತೇವಿ ಅಂದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಅಕ್ಕೋರ, ನೀವು ಸಾಲಿ ನೋಡಕೋರಿ ಅಂದರು.

ಇಬ್ಬರು ಬಂದರು. ಒಬ್ಬಳು ನಡುವಯಸ್ಸಿನವಳು, ಇನ್ನೊಬ್ಬಳು ಅವಳ ಮಗಳಿರಬೇಕು. ಬೇಲಿಯ ಹತ್ತಿರ ನಿಂತರು, ಒಳಗೆ ಬರಲಿಲ್ಲ. ಬಾ, ಇಳಿ ಅಂತ ಆಳು ಗದರಿದ. ನಡುವಯಸ್ಸಿನವಳು ಗುಂಡಿಯನ್ನೂ ನಮ್ಮನ್ನೂ ನೋಡಿದಳು.

“ಇದು ನಮ್ಮ ಮಂದೀದಲ್ರೀ ಎಪ್ಪಾ,” ಅಂದಳು. “ಈ ದಿನ್ನಿ ಮ್ಯಾಲೆ ನಮ್ಮನ್ನ ಯಾವತ್ತರೆ ಹತ್ತಾಕ ಬಿಟ್ಟೀರೇನು? ನಾವು ಹುಟ್ಟಿದಾಗಿಂದ ರಸ್ತಾದ ತಗ್ಗಿಗೇ ಹೋಗೋರು.”

ಅವಳು ಜಗಳದ ದನಿಯಲ್ಲಿ ಹೇಳಲಿಲ್ಲ. ತಪ್ಪು ತಮ್ಮ ಮೇಲೆ ಬರಬಾರದು ಅಂತ ಹೇಳಿದಳು, ಅಷ್ಟೇ. ಹೇಳಿ, ಸೀರೆ ಮೇಲೆ ಕಟ್ಟಿ, ಬುಟ್ಟಿ ಹಿಡಿದು ಗುಂಡಿಗೆ ಇಳಿದಳು.

ಅಷ್ಟು ತಿಂಗಳು ದಿನ್ನಿಗೆ ಹೋಗಿದ್ದೆ. ಅಷ್ಟು ಹೆಂಗಸರ ದನಿ ಕೇಳಿದ್ದೆ. ಅದರಲ್ಲಿ ಆ ಕೇರಿಯ ದನಿ ಒಂದೂ ಇರಲಿಲ್ಲ, ಇಲ್ಲ ಅನ್ನುವುದು ನನಗೆ ಹೊಳೆದೂ ಇರಲಿಲ್ಲ. ನಾವು ಎರಡು ತಿಂಗಳು ಅನುಭವಿಸಿ ಊರು ಮುಳುಗಿದಂತೆ ಮಾಡಿದ ಸಂಕಟ ಅವರ ದಿನದ ಬಾಳು. ಲಾರಿಯ ದೀಪಕ್ಕೆ ನಾವು ಎದ್ದು ನಿಲ್ಲುತ್ತಿದ್ದಾಗ ತಗ್ಗಿನ ಆ ತುದಿಯಲ್ಲಿ ಬೇರೆ ಒಂದು ಸಾಲು ಎದ್ದು ನಿಲ್ಲುತ್ತಿತ್ತು. ನಾವು ಅವರ ಜಾಗಕ್ಕೆ ನುಗ್ಗಿದ್ದೆವು, ಅವರು ಮಾತಾಡದೆ ಇನ್ನಷ್ಟು ದೂರ ಸರಿದಿದ್ದರು.

ತಾಯಿ ಮಗಳು ಬರಿಗೈಯಿಂದ, ಮಣ್ಣು ಉದುರಿಸಿ ಉದುರಿಸಿ ಬುಟ್ಟಿಗೆ ತುಂಬಿದರು. ದಂಡೆಯ ಮೇಲೆ ಪ್ರೊಫೆಸರರು ಬಗ್ಗಿ ನಿಂತಿದ್ದರು. ಹುಷಾರು, ಇಟ್ಟಂಗಿ ಹುಷಾರು, ಅಂಚು ಮುಕ್ಕಾದೀತು ಅಂತ ಹೇಳುತ್ತಿದ್ದರು. ಇಟ್ಟಂಗಿಗಳ ಬಗ್ಗೆ ಅವರಿಗೆ ಎಷ್ಟು ಕಾಳಜಿ ಇತ್ತೆಂದರೆ, ಕೊನೆಗೆ ಕರವಸ್ತ್ರ ಕಿಸೆಗೆ ಹಾಕಿಕೊಂಡು ತಾವೇ ಒಂದು ಮೆತ್ತನೆಯ ಬ್ರಷ್ಷು ಕೆಳಗೆ ಕೊಟ್ಟರು. ಮುಟ್ಟಬಾರದು ಅಂತ ಕೈಯಿಂದ ಕೈಗೆ ಕೊಡಲಿಲ್ಲ, ಮೇಲಿನಿಂದ ಬಿಟ್ಟರು. ಹುಡುಗಿ ಅದನ್ನು ಮಣ್ಣಿನಿಂದ ಎತ್ತಿಕೊಂಡಳು.

ಮನೆಗೆ ಬಂದ ಮೇಲೆ ಅವ್ವನನ್ನು ಕೇಳಿದೆ. ನಾವು ಮಾಡಿದ್ದನ್ನ ಅವರ್ಯಾಕ ತೆಗೀಬೇಕಿತ್ತು ಅಂತ. ಅವ್ವ ಹಿಟ್ಟು ನಾದುತ್ತಿದ್ದರು. ನನ್ನ ಮಾತು ಅವರಿಗೆ ತಿಳಿಯಲೇ ಇಲ್ಲ.

“ಮತ್ತ್ಯಾರು ತೆಗೀಬೇಕಿತ್ತು?” ಅಂತ ಕೇಳಿದರು.

ಅದು ಸಿಟ್ಟಲ್ಲ, ಕುಹಕವಲ್ಲ. ಬರೇ ಆಶ್ಚರ್ಯ. ಅಷ್ಟು ಜನರ ಎದುರು ಪ್ರೊಫೆಸರರ ಬಾಯಿ ಮುಚ್ಚಿಸಿದ ಹೆಂಗಸು ಇವರೇ. ಮೂಲೆಯಲ್ಲಿ ಮಲಗಿದ್ದ ಸೊಸೆ ಮಾತ್ರ, ಅತ್ತೆ ಹೊರಗೆ ಹೋದ ಮೇಲೆ, ಆಕಿ ಹೇಳಿದ್ದು ಖರೇ ಐತ್ರಿ ಅಕ್ಕೋರ, ನಾ ಬಂದಾಗಿಂದ ಅವರ ಪೈಕಿ ಒಬ್ಬಾಕಿನ್ನೂ ಅಲ್ಲಿ ನೋಡಿಲ್ಲ ಅಂದಳು. ತವರಿನಲ್ಲಿಯೂ ಹೀಗೆಯೇ ಅಂತ ಸ್ವಲ್ಪ ಹೊತ್ತಿನ ಮೇಲೆ ಸೇರಿಸಿದಳು.

ಎರಡು ದಿನ ಬಿಟ್ಟು ಪ್ರೊಫೆಸರರು ತಾವಾಗಿ ನನ್ನನ್ನು ಚಹಾಕ್ಕೆ ಕರೆದರು. ಇತಿಹಾಸ ಕಲಿಸುವವಳು ಅಂತ ಕೇಳಿ ತಿಳಿದಿದ್ದರು. ನಾನು ಅವರನ್ನು ಮೊದಲು ಕೇಳಿದ ಪ್ರಶ್ನೆ: ನಾಗರಿಕತೆ ಅಂದರೆ ಏನು. ಅವರಿಗೆ ಖುಷಿಯಾಯಿತು. ಬಹಳ ಚೆನ್ನಾಗಿ, ಒಳ್ಳೆಯ ಗುರುಗಳು ಹೇಳುವಂತೆ ಹೇಳಿದರು. ಸಾಮಾನ್ಯ ಜನ ಅದನ್ನು ಹೊಗಳಿಕೆಯ ಮಾತು ಅಂತ ತಿಳಿದಿದ್ದಾರೆ, ಶಿಷ್ಟಾಚಾರ, ಉಡುಪು, ನಡವಳಿಕೆ ಅಂತ ತಿಳಿಯುತ್ತಾರೆ. ನಾವು ಇತಿಹಾಸಕಾರರು ಹಾಗೆ ಬಳಸುವುದಿಲ್ಲ. ನಮಗೆ ಅದು ಹೊಗಳಿಕೆಯಲ್ಲ, ತೆಗಳಿಕೆಯಲ್ಲ. ಊರು ಬೆಳೆದು ಪಟ್ಟಣವಾಗುವುದು, ಕಾಳು ಕೂಡಿಡುವುದು, ಬರವಣಿಗೆ, ಆಡಳಿತ, ಜನರಲ್ಲಿ ಕಸುಬುಗಳ ವಿಂಗಡಣೆ, ಇಷ್ಟು ಕಂಡರೆ ಆ ಹೆಸರು ಕೊಡುತ್ತೇವೆ ಅಂದರು.

“ಮೊನ್ನೆ ನಮ್ಮನ್ನ ಅನಾಗರಿಕರು ಅಂದ್ರಲ್ಲ ಸರ್, ಅದು ಯಾವ ಅರ್ಥದಾಗ?” ಅಂತ ಕೇಳಿದೆ.

ಅವರು ಬಸಿಯಲ್ಲಿ ಚಹಾ ತಿರುಗಿಸಿದರು. “ಅದು ಸಿಟ್ಟಿನಲ್ಲಿ ಬಂದ ಮಾತು,” ಅಂದರು.

ಕಸುಬುಗಳ ವಿಂಗಡಣೆ ಎಂಬ ಮಾತನ್ನು ಅವರು ಹೇಳಿದಾಗ ನನ್ನ ಕಣ್ಣಿಗೆ ಬಂದದ್ದು ಆ ಎರಡು ಬುಟ್ಟಿ. ಆ ಹಳೇ ಗಟಾರವನ್ನು ಬಳಿಯುತ್ತಿದ್ದವರು ಯಾರಿದ್ದಿರಬಹುದು ಸರ್ ಅಂತ ಕೇಳಿದೆ. ಅದಕ್ಕೆ ಆಧಾರ ಸಿಗುವುದಿಲ್ಲ ಅಂದರು. ಅದು ನಿಜವೂ ಇರಬಹುದು. ಅವರು ಸುಳ್ಳು ಹೇಳುವ ಮನುಷ್ಯರಾಗಿರಲಿಲ್ಲ. ಅದೇ ನನಗೆ ಹೆಚ್ಚು ಅಸಹ್ಯವಾದದ್ದು. ಕೆಟ್ಟವರಾಗಿದ್ದರೆ ಬೈದು ಎದ್ದು ಬರಬಹುದಿತ್ತು.

ಕಾವಲು ಇನ್ನಷ್ಟು ಬಿಗಿಯಾಯಿತು, ಆದರೆ ಹೆಚ್ಚು ದಿನ ನಡೆಯಲಿಲ್ಲ. ಮುಂಗಾರಿನ ಮೊದಲ ಮಳೆ ಬೀಳುತ್ತಲೂ ಎರಿ ಮಣ್ಣು ಕಾಲು ಹಿಡಿಯಿತು, ಜೀಪು ಹೂತುಕೊಂಡಿತು. ಬೋಕಿಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಅವರೆಲ್ಲ ಹೊರಟುಹೋದರು. ಗುಂಡಿ ಮುಚ್ಚುವ ಕೆಲಸ ಮುಂದಿನ ವರ್ಷಕ್ಕೆ ಅಂತ ಬಿಟ್ಟರು. ಪಾಯಖಾನೆಗೆ ಚೇರಮನ್ನರು ಕೀಲಿ ಹಾಕಿ ಅದರಲ್ಲಿ ಬೀಜದ ಚೀಲ ಇಡತೊಡಗಿದರು. ಬೇಲಿಯ ತಂತಿ ಒಂದೊಂದಾಗಿ ಕಾಣೆಯಾಗಿ ಯಾರ ಯಾರದೋ ಹೊಲದ ಬದುವಿಗೆ ಹೋಯಿತು. ಹೆಂಗಸರು ಮತ್ತೆ ದಿನ್ನಿ ಹತ್ತಿದರು. ಕಂಟಿ ಬೆಳೆಯುವ ತನಕ ಗುಂಡಿಗಳೇ ಮರೆಯಾದವು.

ಸೊಸೆ ತವರಿನಲ್ಲಿ ಹೆತ್ತಳು. ಹೆಣ್ಣುಕೂಸು, ಗಟ್ಟಿಯಾಗಿತ್ತು. ಕೂಸನ್ನು ಕರೆದುಕೊಂಡು ಬಂದ ಮೇಲೆ ಒಂದು ದಿನ ನಾನು ಅವ್ವನಿಗೆ, ಕೆಳಗಿನ ಕೇರಿಯವರೂ ದಿನ್ನಿಗೆ ಬರಲಿ ಅಂತ ನೀವೊಂದು ಮಾತು ಹೇಳಿದರೆ ಆಗುತ್ತದೆ ಅಂದೆ. ಅವ್ವ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದರು. ಊರು ಒಪ್ಪೂದಿಲ್ಲ ಅಂದರು. ನೀವು ಒಪ್ಪುತ್ತೀರೋ ಅಂತ ಕೇಳಿದೆ. ಅವರು ಕೂಸನ್ನು ಮಗ್ಗುಲು ಹೊರಳಿಸಿದರು. ಅವರ ಮೇಲೆ ನನಗೆ ಪ್ರೀತಿ ಇತ್ತು. ಅದು ಹೋಗಲಿಲ್ಲ. ಆದರೆ ಆಮೇಲೆ ಆ ಮನೆಯಲ್ಲಿ ನಾನು ಮೊದಲಿನ ಹಾಗೆ ಇರಲಾರದವಳಾದೆ. ಮುಂದಿನ ವರ್ಷ ಸಂಶಿಯ ಹೈಸ್ಕೂಲಿಗೆ ವರ್ಗ ಕೇಳಿಕೊಂಡೆ.

ಸಂಶಿಯಲ್ಲಿದ್ದಾಗ ಒಂದು ಭಾನುವಾರ ಧಾರವಾಡದಲ್ಲಿ ಆ ಪ್ರೊಫೆಸರರ ಉಪನ್ಯಾಸ ಇದೆ ಅಂತ ತಿಳಿದು ಹೋದೆ. ಸಭಾಗೃಹ ತುಂಬಿತ್ತು. ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ನಮ್ಮ ದಿನ್ನಿ, ನಮ್ಮ ಗುಂಡಿ, ಇಟ್ಟಂಗಿಯ ಹಾಸು, ಗಟಾರ. ಚಿತ್ರದಲ್ಲಿ ಎಲ್ಲ ಸ್ವಚ್ಛವಾಗಿ, ಬಿಸಿಲಿನಲ್ಲಿ ಹೊಳೆಯುತ್ತಿತ್ತು. ನಡುವೆ ಒಂದು ತಮಾಷೆ ಹೇಳುತ್ತೇನೆ ಅಂತ ನಿಂತರು. ಸ್ಥಳೀಯ ಮಹಿಳೆಯರು ಒಂದು ಬೆಳಗ್ಗೆ ನಮ್ಮ ಸಂಶೋಧನೆಯ ಬಗ್ಗೆ ತಮ್ಮ ಅಭಿಪ್ರಾಯವನ್ನು ಗುಂಡಿಯೊಳಗೆ ಬಿಟ್ಟುಹೋಗಿದ್ದರು ಅಂದರು. ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ಪಕ್ಕದಲ್ಲಿದ್ದ ರೇಷ್ಮೆ ಸೀರೆಯ ಹೆಂಗಸು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

ಕೊನೆಗೆ ಪ್ರಶ್ನೆ ಕೇಳಬಹುದು ಅಂದಾಗ ನಾನು ಎದ್ದು ನಿಂತೆ. ಆ ಹೊಲಸನ್ನು ಯಾರು ತೆಗೆದರು ಅಂತ ಸಭೆಗೆ ಹೇಳಿ ಸರ್ ಅಂದೆ. ಅವರು ನನ್ನನ್ನು ಗುರುತು ಹಿಡಿದರೋ ಇಲ್ಲವೋ ಗೊತ್ತಿಲ್ಲ. ಕನ್ನಡಕ ತೆಗೆದು ಒರೆಸಿ, ಸ್ಥಳೀಯರ ಸಹಕಾರದಿಂದ ಕೆಲಸ ಮುಂದುವರಿಯಿತು ಅಂದರು. ಮುಂದಿನ ಪ್ರಶ್ನೆ ಬೇರೆ ಯಾರೋ ಕೇಳಿದರು, ಗಡಿಗೆಗಳ ಬಣ್ಣದ ಬಗ್ಗೆ. ನಾನು ಇನ್ನೂ ನಿಂತೇ ಇದ್ದೆ. ಹಿಂದಿನವರು, ಕೂಡ್ರಿ ಅಕ್ಕಾರ, ಕಾಣಸವಲ್ದು ಅಂದರು. ನಾನು ಕೂಡಲಿಲ್ಲ. ಸಾಲಿನಲ್ಲಿ ಕುಳಿತವರ ಮೊಣಕಾಲು ದಾಟಿ ದಾಟಿ ಬಾಗಿಲಿಗೆ ಬಂದು, ಹೊರಗೆ ನಡೆದೆ.